ಕೂಗದೆ ನಿಂತವನು

ಮೀನಾ ತೀರಿಹೋದದ್ದು ನನಗೆ ತಿಳಿದದ್ದು ೧೯೯೮ರ ಸೆಪ್ಟೆಂಬರಿನ ಒಂದು ಶುಕ್ರವಾರ. ಚರ್ಚಿನ ಜೀಪು ಗುರುಪುರ ಸೇರುವ ಮೊದಲೇ ಹೆಂಗಸರು ರಸ್ತೆಗೆ ಬಂದು ನಿಂತಿದ್ದರು. ನನ್ನ ಪಕ್ಕದಲ್ಲಿದ್ದ ಅವಳ ಗಂಡ ಮಾದೇಶ ಅವರನ್ನು ನೋಡಿ, "ನಿಧಾನ ಓಗ್ಲಿ ಮೇಷ್ಟ್ರೇ, ಇನ್ನೇನು ಅವಸರ" ಎಂದ.

ಮನೆಯ ಬಾಗಿಲಲ್ಲಿ ಮೀನಾಳ ತಾಯಿ ರಾಮಮ್ಮ ಹಸುಗೂಸನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಕೂತಿದ್ದಳು. ಬೆಳಿಗ್ಗೆ ನೋವು ಬಂದ ಕೂಡಲೇ ಮೀನಾಳಿಗೆ ಮನೆಯಲ್ಲೇ ಹೆರಿಗೆಯಾಗಿತ್ತು, ರಕ್ತ ನಿಂತಿರಲಿಲ್ಲ.

"ಬೇರೆ ಗಾಡಿ ನೋಡಾನಾ ಅಂದೆ. ಬ್ಯಾಡ ಕನವ್ವಾ, ಮೇಷ್ಟ್ರು ಬತ್ತಾರೆ ಅಂದ್ಲು. ಈಗ ಓದ್ಲು ಕಣ್ರೀ. ಇನ್ನೂ ಕಾಲು ಗಂಟೆ ಆಗಿಲ್ಲ."

ನಾನು ಹುಣಸೂರಿನ ಮಿಷನ್ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದವನು. ಪ್ರತಿ ಶುಕ್ರವಾರ ಹತ್ತು ಗಂಟೆಗೆ ಚರ್ಚಿನ ಆರೇಳು ಜನ ಒಂದು ನರ್ಸಿಂಗ್ ಹೋಮಿನ ಎದುರು ರಸ್ತೆಬದಿಯಲ್ಲಿ ನಿಂತು ಮಣಿ ಎಣಿಸುತ್ತ ಜಪಸರ ಹೇಳುತ್ತಿದ್ದೆವು. ಗರ್ಭ ತೆಗೆಸಲು ಬಂದವರ ಮನಸ್ಸು ತಿರುಗಲಿ ಎಂಬುದು ನಮ್ಮ ಬೇಡಿಕೆ. ಘೋಷಣೆಯಿಲ್ಲ, ಯಾರನ್ನೂ ತಡೆಯುವುದಿಲ್ಲ. ಒಮ್ಮೆ ನಮ್ಮವರೊಬ್ಬರು ರೋಗಿಯ ಕಡೆಯವರೊಡನೆ ಮಾತಿಗೆ ಮಾತು ಬೆಳೆಸಿದ್ದರಿಂದ ನಾನೇ ಒಂದು ಕಟ್ಟಳೆ ಮಾಡಿದ್ದೆ: ಜಪ ಮುಗಿಯುವವರೆಗೆ ಯಾರೊಡನೆಯೂ ಮಾತಾಡಬಾರದು.

ಫೆಬ್ರವರಿಯಲ್ಲಿ ಗರ್ಭ ತೆಗೆಸಲು ಬಂದಿದ್ದ ಮೀನಾ ತಾನಾಗಿಯೇ ರಸ್ತೆ ದಾಟಿ ನಮ್ಮ ಕಡೆ ಬಂದಿದ್ದಳು. ಜಪ ಮುಗಿಯುವವರೆಗೆ ಕಾದು, ಸೊಂಟಕ್ಕೆ ಕೈಯಿಟ್ಟು ಕೇಳಿದಳು:

"ನೀವು ಪ್ರಾರ್ಥನೆ ಮಾಡಿ ಮನೆಗೋಗಿ ಉಣ್ತೀರ. ಹೆರೋಳು ನಾನು. ಎರಡ್ನೇದ್ರಲ್ಲೇ ಪ್ರಾಣ ಓಗಿ ಬಂತು. ಇದುಕ್ಕೆ ನೀವು ಬತ್ತೀರಾ?"

"ಬರ್ತೀನಿ ತಾಯಿ. ದಿನ ತುಂಬಿದಾಗ ಯಾರನ್ನಾದರೂ ಕಳಿಸು. ಬೇರೆ ಗಾಡಿ ಹುಡುಕಬೇಡ. ಚರ್ಚಿನ ಜೀಪಿನಲ್ಲಿ ನಾನೇ ಮೈಸೂರಿಗೆ ಕರೆದುಕೊಂಡು ಹೋಗ್ತೀನಿ."

"ಮೇಷ್ಟ್ರ ಮಾತು. ತಪ್ಪಿದ್ರೆ ಬೆಂಚಿನ ಮ್ಯಾಲೆ ನಿಲ್ಲುಸ್ತೀನಿ" ಎಂದು ನಕ್ಕು ಒಳಗೆ ಹೋಗದೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಆ ಭಾನುವಾರ ಚರ್ಚಿನಲ್ಲಿ ಅವಳ ವಿಷಯ ಹೇಳಿ ದೇವರಿಗೆ ವಂದನೆ ಸಲ್ಲಿಸಿದೆವು. ಅವಳನ್ನು ನೋಡಲು ಹೋದದ್ದು ಎರಡೇ ಸಲ.

ಆ ಶುಕ್ರವಾರ ಮಾದೇಶ ನನ್ನನ್ನು ಹುಡುಕಿಕೊಂಡು ರಸ್ತೆಬದಿಗೆ ಬಂದಾಗ ಜಪಸರದಲ್ಲಿ ಇನ್ನೂ ಮೂವತ್ತು ಮಣಿ ಉಳಿದಿದ್ದವು. ಅವನು ಚಪ್ಪಲಿ ಬಿಟ್ಟು, ಕೈಮುಗಿದು ಆಚೆ ಬದಿಯಲ್ಲಿ ನಿಂತ. ನಾನು ಕಣ್ಣು ಬಿಟ್ಟು ನೋಡಿದೆ. ಇವನೂ ಪ್ರಾರ್ಥನೆಗೆ ಬಂದನಲ್ಲ ಎಂದು ಹಿಗ್ಗಿ ನಕ್ಕೆ. ಮತ್ತೆ ಕಣ್ಣು ಮುಚ್ಚಿದೆ. ಕೊನೆಯ ಮಣಿ ಮುಗಿದ ಮೇಲೆಯೇ ಅವನು ಓಡಿಬಂದು ವಿಷಯ ಹೇಳಿದ್ದು.

ಚರ್ಚಿನಲ್ಲಿ ಎಲ್ಲರೂ ಸಮಾಧಾನ ಹೇಳಿದರು. "ಮಗು ಉಳೀತಲ್ಲ ಮೇಷ್ಟ್ರೇ, ನಮ್ಮ ಜಪ ವ್ಯರ್ಥ ಆಗ್ಲಿಲ್ಲ" ಎಂದರು ನಮ್ಮೊಡನೆ ನಿಲ್ಲುತ್ತಿದ್ದ ಚೌರಪ್ಪ. ಗರ್ಭದಲ್ಲಿರುವ ಜೀವ ದೇವರದು ಎಂಬ ನಂಬಿಕೆ ನನ್ನಲ್ಲಿ ಈಗಲೂ ಇದೆ. ಮೀನಾಳ ಜೀವವೂ ಅವನದೇ ಆಗಿತ್ತು. ಅದರ ಹೊಣೆಯನ್ನು ನಾನು ಹೊತ್ತುಕೊಂಡಿದ್ದೆ, ಬಾಯಿಮಾತಿನಲ್ಲಿ.

ನಾನು ಕಣ್ಣು ಬಿಟ್ಟಿದ್ದು ಯಾರಿಗೂ ತಿಳಿದಿಲ್ಲವೆಂದುಕೊಂಡು ಒಂದು ತಿಂಗಳು ಬಚ್ಚಿಟ್ಟೆ. ಆಮೇಲೆ ಪಾಪನಿವೇದನೆಯಲ್ಲಿ ಚರ್ಚಿನ ಗುರುಗಳ ಮುಂದೆ ಹೇಳಿದೆ. ಅವರು ಕ್ಷಮೆಯ ಮಾತು ಹೇಳಿದರು. ಆದರೂ ಊಟ ಸೇರಲಿಲ್ಲ. ಒಂದು ಮಧ್ಯಾಹ್ನ ಬಸ್ಸು ಹತ್ತಿ ಗುರುಪುರಕ್ಕೆ ಹೋದೆ. ಮಾದೇಶ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಸೌದೆ ತಳ್ಳುತ್ತಿದ್ದ.

"ಆವತ್ತು ನಿನ್ನನ್ನು ನೋಡಿದ್ದೆ ಕಣಪ್ಪ. ನೋಡಿಯೂ ಕಣ್ಣು ಮುಚ್ಚಿದೆ."

ಅವನು ತಿರುಗಲಿಲ್ಲ. "ಗೊತ್ತು. ನೋಡುದ್ರಿ, ನಕ್ಕುದ್ರಿ. ಮೇಷ್ಟ್ರು ನಕ್ರಲ್ಲ, ಇನ್ನು ಭಯ ಇಲ್ಲ ಬುಡು ಅಂದ್ಕಂಡೆ."

ಒಲೆ ಚಟಪಟ ಅಂದಿತು. ಅವನು ಇನ್ನೊಂದು ಕೊರಡು ತಳ್ಳಿದ.

"ದೇವ್ರ ಹೆಸ್ರು ಹೇಳೋರ್ನ ಹೆಂಗೆ ಕೂಗೋದು ಅಂತ ನಿಂತ್ಕಂಡೆ. ಕೂಗ್ಬೇಕಿತ್ತು ಕಣ್ರೀ ನಾನು."

"ನಾನು ಬಂದು ಕೇಳಬೇಕಿತ್ತು. ಹತ್ತು ಹೆಜ್ಜೆ ಇತ್ತು. ಆಗೋದಾದರೆ ಕ್ಷಮಿಸು."

ಅವನು ಉಳಿದ ಸೌದೆಯನ್ನು ಬದಿಗೆ ಸರಿಸಿದ. ಆಮೇಲೆ, "ಅದೆಲ್ಲ ನಂಗೆ ತಿಳಿಯಾಕಿಲ್ಲ ಮೇಷ್ಟ್ರೇ. ಬಂದಿದ್ದೀರಿ, ಅವಳಿಗೋಸ್ಕರ ನಿಮ್ಮ ದೇವ್ರತ್ರ ಒಂದ್ ಮಾತು ಹೇಳಿ" ಎಂದು ಕೈ ಒರೆಸಿಕೊಂಡು ಎದ್ದು ನಿಂತ.

ಜಪಸರ ಜೇಬಿನಲ್ಲೇ ಇತ್ತು. ತೆಗೆಯಲು ಮನಸ್ಸಾಗಲಿಲ್ಲ. ಬಾಯಿಗೆ ಬಂದಷ್ಟು ಹೇಳಿದೆ.

ಸ್ವಾಮಿ, ಮೀನಾ ನನ್ನ ಮಾತು ನಂಬಿ ಕಾದಳು, ನಾನು ಹೊತ್ತಿಗೆ ಹೋಗಲಿಲ್ಲ. ನೀನು ಅವಳನ್ನು ಕಾಯಿಸಬೇಡ. ನೋವಿಲ್ಲದ ಕಡೆ ಅವಳಿಗೆ ಜಾಗ ಕೊಡು, ನಿನ್ನ ಬೆಳಕಿನಲ್ಲಿ ನೆಮ್ಮದಿಯಾಗಿ ಮಲಗಿಸು. ಆಮೆನ್.