ಆರು ನಿಮಿಷದ ನಡಿಗೆ

ಶಿವಯೋಗಪ್ಪನವರ ಹೃದಯ ಕೈಕೊಟ್ಟು ವರ್ಷವಾಗುತ್ತ ಬಂದಿತ್ತು. ನಿಂತೇನೂ ಹೋಗಿರಲಿಲ್ಲ, ಹಳೆಯ ಪಂಪಿನ ಹಾಗೆ ಬಲ ಕಳೆದುಕೊಂಡಿತ್ತು, ಅಷ್ಟೆ. ಅಂದಿನಿಂದ ಭದ್ರಾವತಿಯ ಅವರ ಮನೆಯಲ್ಲಿ ಸಾರಿಗೆ ಉಪ್ಪು ಬೀಳಲಿಲ್ಲ. ಬೀಳದಂತೆ ನೋಡಿಕೊಂಡವರು ಹೆಂಡತಿ ದಾಕ್ಷಾಯಣಮ್ಮ. ಗಂಡನಿಗಿಲ್ಲದ ಉಪ್ಪು ತಮಗ್ಯಾಕೆಂದು ತಾವೂ ಸಪ್ಪೆ ಸಾರೇ ಉಂಡು, ಆ ಸಿಟ್ಟನ್ನು ಮನೆಗೆ ಬಂದವರ ಮೇಲೆ ತೀರಿಸಿಕೊಳ್ಳುತ್ತಿದ್ದರು.

ಔಷಧಿ ಹಿಡಿಯಿತು, ಕಾಲಿನ ಬಾವು ಇಳಿಯಿತು. ಆದರೆ ಸಂಜೆ ಇಬ್ಬರೂ ವಾಕಿಂಗ್ ಹೊರಟರೆ ಶಿವಯೋಗಪ್ಪನವರು ಮೋರಿಕಟ್ಟೆ ಕಂಡಲ್ಲೆಲ್ಲ ಕೂರುತ್ತಿದ್ದರು. "ಉಸಿರು ಸಾಲ್ತಿಲ್ಲ ಕಣೆ, ಸ್ವಲ್ಪ ಕೂರಣ" ಎಂದು ಎದೆ ಹಿಡಿದುಕೊಂಡರೆ ದಾಕ್ಷಾಯಣಮ್ಮನವರ ಜೀವ ಬಾಯಿಗೆ ಬರುತ್ತಿತ್ತು. ಪಕ್ಕದಲ್ಲಿ ಕೂತು ಬೆನ್ನು ಸವರುತ್ತ, ಈ ಮನುಷ್ಯ ಬರುವ ಯುಗಾದಿ ಕಾಣುತ್ತಾರೋ ಇಲ್ಲವೋ ಎಂದು ಒಳಗೊಳಗೇ ಅಳುತ್ತಿದ್ದರು. ಈಚೆಗಂತೂ ಶಿವಯೋಗಪ್ಪನವರು ಕೂರಲು ಅಂಗಡಿ ಮೆಟ್ಟಿಲನ್ನೂ ಬಿಡುತ್ತಿರಲಿಲ್ಲ.

ಶಿವಮೊಗ್ಗದ ಡಾಕ್ಟರ್ ಅಭಯ ಹೇಳಿದ್ದರು: "ಈ ಸಲ ಹೃದಯದ ಎಕೋ ಸ್ಕ್ಯಾನ್ ಜೊತೆಗೆ ನಡಿಗೆ ಪರೀಕ್ಷೆನೂ ಮಾಡೋಣಮ್ಮ. ಆರು ನಿಮಿಷದಲ್ಲಿ ಎಷ್ಟು ದೂರ ನಡೀತಾರೆ ಅನ್ನೋದ್ರಲ್ಲಿ ಮುಂದೆ ಹೇಗೆ ಅಂತ ಒಂದು ಅಂದಾಜು ಸಿಗುತ್ತೆ. ಮುನ್ನೂರು ಮೀಟರ್ ಒಳಗೇ ಆದ್ರೆ ಬೇರೆ ಏನಾದ್ರೂ ಯೋಚನೆ ಮಾಡಬೇಕಾಗುತ್ತೆ."

ಪರೀಕ್ಷೆ ಎಂದ ಮೇಲೆ ತಯಾರಿ ಬೇಡವೇ? ದಾಕ್ಷಾಯಣಮ್ಮ ಹಿಂದಿನ ದಿನವೇ ಗಂಡನ ಚಪ್ಪಲಿಗೆ ಕೊಬ್ಬರಿ ಎಣ್ಣೆ ಸವರಿ ಮೆತ್ತಗೆ ಮಾಡಿದರು. ಬೆಳಿಗ್ಗೆ ಶಿವಯೋಗಪ್ಪನವರ ಲಿಂಗಪೂಜೆ ಮುಗಿಯುತ್ತಲೇ ಹಣೆಯ ಮೇಲಿನ ವಿಭೂತಿ ಸಾಲದೆಂದು ಇನ್ನೊಂದು ಸುತ್ತು ತಾವೇ ಬಳಿದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ, ಗಾಬರಿಯಾಗಬೇಡಿ ಎಂದು ಹೇಳಿ ಹೇಳಿ ಅವರನ್ನು ಗಾಬರಿಪಡಿಸಿದರು.

ಆಸ್ಪತ್ರೆಯ ಉದ್ದನೆಯ ಪಡಸಾಲೆಯ ಎರಡೂ ತುದಿಗೆ ಕೇಸರಿ ಬಣ್ಣದ ಕೋನ್ ಇಟ್ಟಿದ್ದರು. ಪರೀಕ್ಷೆ ಮಾಡಿಸುವ ಹುಡುಗಿ ಸ್ಫೂರ್ತಿ, ಶಿವಯೋಗಪ್ಪನವರ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಸಿಕ್ಕಿಸಿದಳು.

"ತಾತ, ಈ ತುದಿಯಿಂದ ಆ ತುದಿಗೆ ಬಿರಬಿರನೆ ನಡೀರಿ. ಸುಸ್ತಾದ್ರೆ ನಿಲ್ಲಬಹುದು. ಅಜ್ಜಿ, ನೀವು ಇಲ್ಲೇ ಕೂತ್ಕೊಳ್ಳಿ."

"ಮದುವೆ ಆದಾಗಿಂದ ಇವರ ಹಿಂದೇನೇ ನಡೆದಿದೀನಿ ಮಾರಾಯ್ತಿ. ಇವತ್ತು ಕೂತ್ಕೋ ಅಂದ್ರೆ ಹೆಂಗೆ? ಬಿದ್ರೆ ನೀನು ಹಿಡೀತೀಯಾ?"

ನೀರಿನ ಬಾಟಲಿ, ಟವೆಲ್, ಗ್ಲೂಕೋಸ್ ಪೊಟ್ಟಣ ಹಿಡಿದು ಸಜ್ಜಾಗಿ ನಿಂತಿದ್ದ ದಾಕ್ಷಾಯಣಮ್ಮನವರನ್ನು ನೋಡಿ ಸ್ಫೂರ್ತಿ ಸೋತಳು. "ಸರಿ, ಮಾತಾಡ್ಸಂಗಿಲ್ಲ" ಎಂದಳು.

ಮೆರವಣಿಗೆ ಹೊರಟಿತು. ಶಿವಯೋಗಪ್ಪನವರು ನಾಲ್ಕು ಹೆಜ್ಜೆ ಬೀಸಾಗಿ ಹಾಕುವುದು, ತಿರುಗಿ ನೋಡುವುದು, ನಿಧಾನ ಮಾಡುವುದು. ಅರ್ಧ ದಾರಿಗೆ ಗೋಡೆ ಹಿಡಿದು ನಿಂತರು, ಎದೆ ಮುಟ್ಟಿಕೊಂಡರು. ದಾಕ್ಷಾಯಣಮ್ಮ ಕುಂಟುತ್ತ ಬಂದು ಮುಟ್ಟಿ, ಬೆವರೇ ಇಲ್ಲದ ಹಣೆಯನ್ನು ಟವೆಲಿನಿಂದ ಒರೆಸಿ, ವಿಭೂತಿಯನ್ನೂ ಅಳಿಸಿಹಾಕಿದರು. ಹೀಗೇ ಆರು ನಿಮಿಷ ಕಳೆಯಿತು.

"ಇನ್ನೂರ ನಲವತ್ತು ಮೀಟರ್" ಎಂದರು ಡಾಕ್ಟರು.

ದಾಕ್ಷಾಯಣಮ್ಮ ಟವೆಲನ್ನು ಹೆಗಲಿಗೆ ಹಾಕಿಕೊಂಡು ಮುಂದೆ ಬಂದರು. "ಡಾಕ್ಟ್ರೇ, ಇನ್ನೊಂದು ಚಾನ್ಸ್ ಕೊಡಿ. ನಮ್ಮ ಮಗ ರುದ್ರೇಶ ಎಸ್ಸೆಸ್ಸೆಲ್ಸಿ ಪಾಸಾಗಿದ್ದೂ ಸಪ್ಲಿಮೆಂಟರೀಲೇ."

ಡಾಕ್ಟರು ನಗಲಿಲ್ಲ. ಕಾಗದವನ್ನೇ ನೋಡುತ್ತಿದ್ದರು. "ಎಕೋ ಮೊದಲಿಗಿಂತ ಚೆನ್ನಾಗಿದೆ. ಆಕ್ಸಿಜನ್ ಇಳಿದಿಲ್ಲ, ನಾಡಿನೂ ಅಷ್ಟೇನು ಏರಿಲ್ಲ. ಯಜಮಾನ್ರೇ, ಯಾಕೆ ನಿಂತ್ರಿ?"

ಶಿವಯೋಗಪ್ಪನವರು ಫ್ಯಾನ್ ನೋಡಿದರು. "ಉಸಿರು" ಎಂದರು.

"ಒಂದು ಗಂಟೆ ಸುಧಾರಿಸ್ಕೊಳ್ಳಿ, ಇನ್ನೊಂದ್ಸಲ ಮಾಡೋಣ. ಈ ಸಲ ಒಬ್ಬರೇ. ಅಮ್ಮ, ನೀವು ಕ್ಯಾಂಟೀನಿಗೆ ಹೋಗಿ ಕಾಫಿ ಕುಡೀರಿ."

ಗಂಟೆ ಕಳೆದ ಮೇಲೆ ದಾಕ್ಷಾಯಣಮ್ಮ ಹೊರಟರು. ಕ್ಯಾಂಟೀನಿಗಲ್ಲ, ಪಡಸಾಲೆಯ ಮೂಲೆಯಲ್ಲಿದ್ದ ಕುಡಿಯುವ ನೀರಿನ ಫಿಲ್ಟರಿನ ಹಿಂದಕ್ಕೆ. ಅಲ್ಲಿಂದ ಕತ್ತು ಚಾಚಿ ನೋಡಿದರೆ, ಅವರ ಗಂಡ ಕಾರ್ಖಾನೆಯ ಸೈರನ್ ಕೂಗಿಬಿಟ್ಟಿದೆ, ಕೆಲಸಕ್ಕೆ ತಡವಾಯಿತು ಎಂಬಂತೆ ಬಿರಬಿರನೆ ಬರುತ್ತಿದ್ದರು. ಗೋಡೆ ಹಿಡಿಯಲಿಲ್ಲ, ಎದೆ ಮುಟ್ಟಲಿಲ್ಲ. ಕೋನ್ ಸುತ್ತಿ ಹೋದರು, ಮತ್ತೆ ಬಂದರು. ಕೊಂಚ ಏದುಸಿರು ಬಿಟ್ಟರೂ ನಿಲ್ಲಲಿಲ್ಲ.

ದಾಕ್ಷಾಯಣಮ್ಮನವರು ಮೊದಲು ಕೈಮುಗಿದರು. ಕಣ್ಣಲ್ಲಿ ನೀರು ತುಂಬಿತು, ಸಂತೋಷಕ್ಕೆ. ಆಮೇಲೆ ಮೋರಿಕಟ್ಟೆಗಳು ಒಂದೊಂದಾಗಿ ನೆನಪಾದವು. ಪ್ರತಿ ಕಟ್ಟೆಯ ಹತ್ತಿರವೂ ಮೊದಲು ಕಳಕ್ ಎಂದದ್ದು ತಮ್ಮ ಮಂಡಿ. ತಾವು ತುಟಿ ಕಚ್ಚಿ ಸುಮ್ಮನಿರುತ್ತಿದ್ದರು. ಅವರು ಆಮೇಲೆ ಎದೆ ಹಿಡಿದುಕೊಳ್ಳುತ್ತಿದ್ದರು. ಸಂತೋಷದ ನೀರು ಅಲ್ಲೇ ಆರಿ, ಸಿಟ್ಟು ನೆತ್ತಿಗೇರಿತು.

"ನಾನೂರು ದಾಟಿತು ತಾತ" ಎಂದು ಸ್ಫೂರ್ತಿ ಹೇಳುವಷ್ಟರಲ್ಲಿ ದಾಕ್ಷಾಯಣಮ್ಮ ಫಿಲ್ಟರಿನ ಹಿಂದಿನಿಂದ ಹೊರಬಂದಿದ್ದರು.

"ಉಸಿರು ಸಾಲಲ್ಲ ಅಂದವ್ರು ಯಾರ್ರೀ?"

ಶಿವಯೋಗಪ್ಪನವರು ಸಿಕ್ಕಿಬಿದ್ದಿದ್ದರು. "ನಿನ್ನ ಮಂಡಿ ಕಣೆ. ಕೂತ್ಕೋ ಅಂದ್ರೆ ಯಾವತ್ತಾದ್ರೂ ಕೂತಿದ್ಯಾ? ನಂಗೇನಾಗಿದೆ ಧಾಡಿ ಅಂತ ನನ್ನೇ ಬೈತಿದ್ದೆ. ನಾನು ಕೂತ್ರೆ ಮಾತ್ರ ನೀನೂ ಕೂರ್ತಿದ್ದೆ."

"ನೀವು ಹೋಗೇಬಿಡ್ತೀರಿ ಅಂತ ನಾನು ನಿದ್ದೆ ಬಿಟ್ಟು ಮೂಗಿನ ಹತ್ರ ಬೆರಳಿಟ್ಟು ನೋಡ್ತಿದ್ನಲ್ರೀ."

"ಗೊತ್ತು" ಎಂದರು ಶಿವಯೋಗಪ್ಪನವರು ಮೆಲ್ಲಗೆ. "ಬೆಳ್ಳುಳ್ಳಿ ವಾಸ್ನೆ ಬರ್ತಿತ್ತು."

ಸ್ಫೂರ್ತಿ ಕೋನ್ ಎತ್ತಿಕೊಳ್ಳುವ ನೆಪದಲ್ಲಿ ಆಚೆ ತಿರುಗಿ ನಕ್ಕಳು. ಡಾಕ್ಟರು, ಸದ್ಯಕ್ಕೆ ಹೆದರುವಂಥದ್ದೇನಿಲ್ಲ, ಮಾತ್ರೆಯೂ ಪಥ್ಯವೂ ಹೀಗೇ ನಡೆಯಲಿ ಎಂದರು. ಜೊತೆಗೆ ಮಂಡಿ ನೋಡುವ ಡಾಕ್ಟರಿಗೆಂದು ಒಂದು ಚೀಟಿ ಬರೆದರು, ದಾಕ್ಷಾಯಣಮ್ಮನವರ ಹೆಸರಿಗೆ.

ಬಸ್ ಸ್ಟ್ಯಾಂಡಿನ ದಾರಿಯಲ್ಲಿ ದಾಕ್ಷಾಯಣಮ್ಮ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಗಂಡನಿಗಿಂತ ಒಂದು ಹೆಜ್ಜೆ ಮುಂದೆಯೇ ನಡೆದರು. ಒಂದು ಪಾತ್ರೆ ಅಂಗಡಿಯ ಮುಂದೆ ಮಂಡಿ ಕಳಕ್ ಎಂದಿತು. ಅವರು ತುಟಿ ಕಚ್ಚಲು ಹೋದವರು ಬಿಟ್ಟು, ಮೆಟ್ಟಿಲ ಮೇಲೆ ಧೊಪ್ಪನೆ ಕೂತರು.

"ಮಂಡಿ ನೋಯ್ತಿದೆ. ಕೂತ್ಕೊಳ್ಳಿ."

ಶಿವಯೋಗಪ್ಪನವರು ಪಕ್ಕದಲ್ಲಿ ಕೂತು, ಅಭ್ಯಾಸಬಲದಿಂದ ಎದೆ ಹಿಡಿದುಕೊಂಡು ಉದ್ದಕ್ಕೆ ಉಸಿರು ಬಿಟ್ಟರು.

"ಕೈ ತೆಗೀರಿ" ಎಂದರು ದಾಕ್ಷಾಯಣಮ್ಮ.

ಅವರು ತೆಗೆದರು. ತೆಗೆದ ಕೈಯನ್ನು ಎಲ್ಲಿಡಬೇಕೆಂದು ತೋಚದೆ ಹೆಂಡತಿಯ ಮಂಡಿಯ ಮೇಲಿಟ್ಟರು. ಎದುರಿಗೆ ಶಿವಮೊಗ್ಗದ ಅರ್ಧ ಪೇಟೆ ಓಡಾಡುತ್ತಿತ್ತು. ದಾಕ್ಷಾಯಣಮ್ಮ ಸೆರಗು ಸರಿಮಾಡಿಕೊಂಡರು, ಎರಡನೇ ಸಲ ಕೈ ತೆಗೀರಿ ಎನ್ನಲಿಲ್ಲ.