ಕಿರೀಟದ ಒಳಗಿನ ಗಂಟು

ಡೋಲು ಏನೋ ಕೇಳುತ್ತದೆ, ನಿಲ್ಲುತ್ತದೆ, ಉತ್ತರಕ್ಕೆ ಕಾಯುತ್ತದೆ — ಅಮೆರಿಕದ ಸ್ಯಾನ್ ಹೊಸೆಯ ಈ ಬಾಡಿಗೆ ಸಭಾಂಗಣದಲ್ಲಿ ಉತ್ತರ ಗೊತ್ತಿರುವವಳು ತಾನೊಬ್ಬಳೇ ಅನ್ನಿಸಿ ಭುವನೇಶ್ವರಿ ಮತ್ತೆ ಪರ್ಸಿಗೆ ಕೈ ಹಾಕಿದಳು, ಕತ್ತರಿ ಇದೆ, ನೀಲಿ ದಾರದ ಉಂಡೆ ಇದೆ, ಉದ್ದನೆಯ ಮಣಿಸೂಜಿ ಇಲ್ಲ, ಮನೆಯ ಕಾರ್ಪೆಟ್ಟಿನಲ್ಲೂ ಇರಲಿಲ್ಲ, ಕಾರಿನಲ್ಲೂ ಇರಲಿಲ್ಲ, ಇನ್ನು ಇರಬಹುದಾದದ್ದು ಒಂದೇ ಕಡೆ, ಅಲ್ಲಿ ಯಾರೂ ನೋಡುವಂತಿಲ್ಲ. ನೋಡ್ಬೇಡ ಭುವನಾ, ಕೈಯೂ ಹಾಕ್ಬೇಡ, ಹೊರಗಿಂದಾನೇ ಹೊಲಿ — ಎವರ್‌ಗ್ರೀನ್ ಬಡಾವಣೆಯ ಪಕ್ಕದ ಮನೆಯ ಫೋಲಾಕೆ ನಿನ್ನೆ ಅಷ್ಟು ಸ್ಪಷ್ಟವಾಗಿ ಹೇಳಿದ್ದಳು, ನೈಜೀರಿಯಾದ ಯೊರುಬಾ ಊರೊಂದರ ಅರಸನ ಮಗಳು ಅವಳು, ಇಲ್ಲಿ ನೆಲೆಸಿರುವ ಊರಿನವರನ್ನು ಹರಸಲು ಅವಳ ಅಪ್ಪ ಅಮ್ಮ ಬಂದಿದ್ದರು, ಕಿರೀಟವನ್ನು ಬಿಳಿ ಬಟ್ಟೆಯಲ್ಲಿ ಮಗುವಿನ ಹಾಗೆ ಸುತ್ತಿ ತಂದಿದ್ದಳು, ಅರಸನ ಮುಖ ಮುಚ್ಚುವ ಮಣಿಗಳ ಒಂದು ಎಳೆ ಪ್ರಯಾಣದಲ್ಲಿ ಕಿತ್ತುಹೋಗಿತ್ತು, ಒಳಗೆ ಪುರೋಹಿತರು ಇಟ್ಟದ್ದು ಏನೋ ಇದೆ, ಅಪ್ಪನೂ ನೋಡೋ ಹಾಗಿಲ್ಲ, ನೋಡಿದರೆ ಪ್ರಾಣಾನೇ ಹೋಗತ್ತೆ ಅಂತಾರೆ, ಹಿಂದಿನಿಂದ ಅಮ್ಮಾನೇ ತಲೆಗೆ ಇಡೋದು. ಗಂಡ ಕೇದಾರ ಸೋಫಾದಿಂದಲೇ, ಬ್ಲೌಸ್ ಹೊಲೀತಾ ಹೊಲೀತಾ ಕಿರೀಟಕ್ಕೇ ಬಂದ್ಯಲ್ಲೇ, ನಾಳೆ ಸಿಂಹಾಸನಕ್ಕೂ ಕವರ್ ಹೊಲಿ, ಅಂದಿದ್ದ. ನೋಡಲಿಲ್ಲ, ದೇವರಾಣೆ ನೋಡಲಿಲ್ಲ, ಆದರೆ ಗಂಟು — ಗಂಟು ಹೊರಗೆ ಕಾಣುವಂತೆ ಯಾರಾದರೂ ಬಿಡುತ್ತಾರೆಯೇ, ಸಂಜೆಯ ಹೊಲಿಗೆ ತರಗತಿಯ ಟೀಚರು ಇವಳ ಹೊಲಿಗೆಯನ್ನು ಮೆಚ್ಚಿ, ತಿರುಗಿಸಿ ಎಲ್ಲರಿಗೂ ತೋರಿಸಿದ್ದು ಅದಕ್ಕೇ ಅಲ್ಲವೇ, ಧಾರವಾಡದ ಅವ್ವ, ಗಂಟು ಕಂಡ್ರ ಕೈಮ್ಯಾಲೆ ಕೊಡ್ತೇನಿ ನೋಡು — ಕಣ್ಣು ಮುಚ್ಚಿಕೊಂಡೇ ಬೆರಳು ಒಳಗೆ ಹೋಗಿತ್ತು, ಬೆರಳಿಗೇನು ಕಣ್ಣಿದೆಯೇ, ಸೂಜಿ ಮೆತ್ತನೆಯ ಯಾವುದರೊಳಗೋ ಇಳಿಯಿತು, ಹತ್ತಿಯಲ್ಲ, ಬಟ್ಟೆಯಲ್ಲ, ಅದೇ ಹೊತ್ತಿಗೆ ಶಿವಾನಿ ಬಾಗಿಲಲ್ಲಿ, ಅಮ್ಮಾ, ಐ ಯಾಮ್ ಸೋ ಹಂಗ್ರಿ, ಬೆಚ್ಚಿ ಕೈ ಎಳೆದುಕೊಂಡಳು, ಎಳೆ ಗಟ್ಟಿಯಾಗಿ ನಿಂತಿತ್ತು, ಬಟ್ಟೆ ಮುಚ್ಚಿಬಿಟ್ಟಳು.

ಈಗ ಅರಸ ಕೂತಿದ್ದಾರೆ, ಬರಿಯ ತಲೆ, ನೆತ್ತಿಯ ಚರ್ಮ ಎಷ್ಟು ತೆಳು, ಹೆಂಗಸರೆಲ್ಲ ಮಂಡಿಯೂರಿ ಕಾಬಿಯೆಸಿ ಎಂದು ಅರಸನಿಗೆ ಜಯಕಾರ ಹಾಕುತ್ತಿದ್ದಾರೆ, ಹಿಂದೆ ಫೋಲಾಕೆಯ ತಾಯಿ, ಮುದಿ ರಾಣಿ, ಕಿರೀಟಕ್ಕೆ ಸುತ್ತಿದ ಬಟ್ಟೆ ಬಿಚ್ಚುತ್ತಿದ್ದಾರೆ, ಹೇಳಿದರೆ ಇಷ್ಟು ಜನರೆದುರು ಶಾಸ್ತ್ರ ಕೆಡುತ್ತದೆ, ಫೋಲಾಕೆ ಇನ್ನೆಂದೂ ಬಾಗಿಲು ತಟ್ಟುವುದಿಲ್ಲ, ಹೇಳದಿದ್ದರೆ ಆ ನೆತ್ತಿ — ಎದ್ದಳು, ಯಾರದೋ ಸೆರಗು ತುಳಿದಳು, ಫೋಲಾಕೆ, ನನ್ನ ಸೂಜಿ, ಒಳಗಿದೆ. ಕೈ ಹಾಕಿದ್ಯಾ? ಹಾಕ್ದೆ ಕಣೇ. ಫೋಲಾಕೆ ತಾಯಿಯ ಕಿವಿಯಲ್ಲಿ ತಮ್ಮ ಮಾತಿನಲ್ಲಿ ಏನೋ ಅಂದಳು, ಡೋಲು ನಿಂತಿತು, ಅರಸ ತಿರುಗಲಿಲ್ಲ, ರಾಣಿ ಚಾವಣಿಯ ದೀಪಗಳನ್ನು ನೋಡುತ್ತ ಕಿರೀಟದೊಳಗೆ ಕೈ ಇಳಿಸಿದರು, ತಡವಿದರು, ಕೈ ಹೊರಬಂತು — ಸೂಜಿ, ಅದರ ಹಿಂದೆ ನೀಲಿ ದಾರ, ಬರುತ್ತಲೇ ಇದೆ, ಇನ್ನೂ ಬರುತ್ತಿದೆ, ತಟ್ಟನೆ ಬಿಗಿಯಾಯಿತು, ಒಳಗೆ ಏನೋ ಜಗ್ಗಿದ್ದಕ್ಕೆ ಮಣಿಗಳೆಲ್ಲ ಒಟ್ಟಿಗೆ ನಡುಗಿದವು, ಎಳೆದರೆ ಅದು ಹೊರಬರುತ್ತದೆಯೇ, ಕತ್ತರಿಸಿದರೆ ತನ್ನ ದಾರ ಎಂದೆಂದಿಗೂ ಅದರೊಳಗೇ ಉಳಿಯುತ್ತದೆಯೇ, ರಾಣಿ ಈಗ ಅವಳನ್ನೇ ನೋಡುತ್ತಿದ್ದಾರೆ, ಸೂಜಿಯನ್ನು ಅವಳತ್ತ ಚಾಚಿದ್ದಾರೆ, ನಡುವೆ ದಾರ, ಬಿಗಿಯಾದ ನೀಲಿ ದಾರ, ದಾರ —