ಮೂರನೆಯ ರಕಅತ್

ಕ್ಯಾರವಾನ್ ಅಂದರೆ ಕೇಳುವುದಕ್ಕೆ ಬಹಳ ಚೆಂದ. ಅದರೊಳಗೆ ಕೂತು ಒಮಾನಿನ ಮರುಭೂಮಿ ದಾಟಿದವರನ್ನು ಕೇಳಬೇಕು. ಒಲೆ, ಹಾಸಿಗೆ, ಕಕ್ಕಸು ಎಲ್ಲ ಒಂದೇ ಕೋಣೆಯಲ್ಲಿ. ಪಾತ್ರೆಗಳೂ ಗಡಗಡ, ನನ್ನ ಹೊಟ್ಟೆಯೂ ಗಡಗಡ. ಆದಮ್ ಊರು ಹಿಂದೆ ಬಿದ್ದ ಮೇಲಂತೂ ಹೊರಗೆ ನೋಡಲು ಏನೂ ಇಲ್ಲ. ಮರವಿಲ್ಲ, ಗುಡ್ಡವಿಲ್ಲ, ರಸ್ತೆಗೊಂದು ತಿರುವೂ ಇಲ್ಲ.

ಗಾಡಿ ನಮ್ಮದಲ್ಲ. ನನ್ನ ಗಂಡ ಮಹ್ರೂಫ್ ಅಜೈಬಾದ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಅವರಿಗೆ ವೀಸಾ ಕೊಟ್ಟ ಕಫೀಲ್ ಶುವೈಮಿಯಾದ ಕಡಲತೀರದಲ್ಲಿ ಚಳಿಗಾಲದ ಕ್ಯಾಂಪ್ ಇಟ್ಟಿದ್ದಾನೆ. ಯುರೋಪಿನ ಚಳಿ ತಾಳದ ಬಿಳಿಯರು ಅಲ್ಲಿಗೆ ಬಿಸಿಲು ಕಾಯಿಸಿಕೊಳ್ಳಲು ಬರುತ್ತಾರಂತೆ. "ಗಾಡಿ ಅಲ್ಲಿಗೆ ಮುಟ್ಟಿಸಬೇಕು. ನೀನೂ ಮಗಳೂ ಬನ್ನಿ. ಎರಡು ದಿನ ಇದ್ದು ಬಸ್ಸಿನಲ್ಲಿ ವಾಪಸ್ ಬರುವಾ" ಅಂದಿದ್ದರು ಇವರು. ಮದುವೆಯಾದಂದಿನಿಂದ ಎಲ್ಲಿಗೂ ಕರೆದುಕೊಂಡು ಹೋಗದವರು ಕರೆದರಲ್ಲ ಅಂತ ನಾನು ಹಿಗ್ಗಿದೆ. ನನ್ನ ಬುದ್ಧಿಗಿಷ್ಟು!

ದಾರಿಯುದ್ದಕ್ಕೂ ನನ್ನದು ಒಂದೇ ರಾಗ. ಶಾಲೆ ಶುರುವಾಗುವ ಮೊದಲು ದಾರ್ಸೈಟಿನ ನಮ್ಮ ಮನೆಗೆ ಮುಟ್ಟಬೇಕು. ಮಗಳು ರಸೀನಾ ಆರನೇ ಕ್ಲಾಸು. ನನ್ನ ಉಪ್ಪ, ಅಂದರೆ ಅಪ್ಪ, ನನ್ನನ್ನು ಉಪ್ಪಿನಂಗಡಿಯಲ್ಲಿ ಅರ್ಧಕ್ಕೇ ಶಾಲೆ ಬಿಡಿಸಿ ಬೀಡಿ ಕಟ್ಟಲು ಕೂರಿಸಿದ್ದರು. ಆ ಸಿಟ್ಟು ಇವತ್ತಿಗೂ ಆರಿಲ್ಲ. ಇವಳು ಓದಬೇಕು, ನನಗೆ ಬೇರೆ ಆಸೆಯೇ ಇಲ್ಲ. ಗಾಡಿಯಲ್ಲೂ ಗದರಿ ಗದರಿ ಪುಸ್ತಕ ತೆರೆಸುತ್ತಿದ್ದೆ.

"ರಜೆ ಮುಗಿಯುವ ಮೊದಲು ಮುಟ್ಟುತ್ತೇವಲ್ಲ?"

"ಎಷ್ಟು ಸಲ ಕೇಳುವುದು ಮಾರಾಯ್ತಿ? ಮುಟ್ಟುವಾ."

ಹೈಮಾದ ಪೆಟ್ರೋಲ್ ಬಂಕಿನ ಪಕ್ಕದ ಮಸೀದಿಯಲ್ಲಿ ನಮಾಜಿಗೆ ನಿಲ್ಲಿಸಿದರು. ಪ್ರಯಾಣಿಕರಿಗೆ ನಮಾಜಿನಲ್ಲಿ ರಿಯಾಯಿತಿ ಉಂಟು. ನಾಲ್ಕು ರಕಅತ್, ಅಂದರೆ ನಾಲ್ಕು ಸುತ್ತಿನ ನಮಾಜನ್ನು ಎರಡಕ್ಕೇ ಮುಗಿಸಬಹುದು. ಹೋದ ಜಾಗದಲ್ಲಿ ನಾಲ್ಕು ದಿನ ನಿಲ್ಲುವ ಇರಾದೆ ಇದ್ದರೆ ಮಾತ್ರ ಆ ರಿಯಾಯಿತಿ ಇಲ್ಲ, ಪೂರ್ತಿ ಮಾಡಬೇಕು. ನಮಗೆ ಕಲಿಸಿದ್ದು ಹೀಗೆ. ಇವರು ದಾರಿಯಲ್ಲೆಲ್ಲ ಎರಡಕ್ಕೇ ಮುಗಿಸಿ ಗಾಡಿ ಹತ್ತಿದರು.

ಮರುದಿನ ಮಧ್ಯಾಹ್ನದ ಮೇಲೆ ಶುವೈಮಿಯಾ ತಲುಪಿದೆವು. ಬಿಳಿಯರು ಇನ್ನೂ ಬಂದಿರಲಿಲ್ಲ. ಗಾಳಿಗೆ ಪಟಪಟ ಹೊಡೆದುಕೊಳ್ಳುವ ಖಾಲಿ ಟೆಂಟುಗಳು, ಒಂದು ನೀರಿನ ಟ್ಯಾಂಕಿ, ಆಚೆಗೆ ಕಡಲು. ನೋಡಿದ ಕೂಡಲೇ ಮನಸ್ಸಿಗೆ ಏನೋ ಕಸಿವಿಸಿಯಾಯಿತು.

ಇವರು ಮರಳಿನ ಮೇಲೆ ಚಾಪೆ ಹಾಸಿ ಇಳಿಹೊತ್ತಿನ ಅಸರ್ ನಮಾಜಿಗೆ ನಿಂತರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಎರಡು ರಕಅತ್ ಆಯಿತು. ಇನ್ನು ಬಲಕ್ಕೆ, ಎಡಕ್ಕೆ ಮುಖ ತಿರುಗಿಸಿ ಸಲಾಂ ಹೇಳಿ ಏಳುತ್ತಾರೆ, ಚಹಾಕ್ಕೆ ನೀರಿಡುವಾ ಅಂದುಕೊಂಡೆ. ಇವರು ಮೂರನೆಯದಕ್ಕೆ ಎದ್ದು ನಿಂತರು.

ಮರೆತಿರಬೇಕು ಅಂದುಕೊಂಡರೆ ನಾಲ್ಕನೆಯದಕ್ಕೂ ಎದ್ದರು. ಹೆಂಡತಿಗೆ ಸುಳ್ಳು ಹೇಳಬಹುದು. ಅಲ್ಲಾಹನ ಎದುರು ನಿಂತು ಸುಳ್ಳಾಡುವ ಧೈರ್ಯ ಇವರಿಗಿಲ್ಲ.

ಚಾಪೆ ಮಡಚುವ ಮೊದಲೇ ಹೋಗಿ ಎದುರು ನಿಂತೆ. "ನಾವು ಇಲ್ಲಿ ಎಷ್ಟು ದಿನ?"

ಅವರು ಮುಖ ಎತ್ತಲಿಲ್ಲ. "ಗ್ಯಾರೇಜ್ ಖಲಾಸ್, ಫರ್ಝಾನಾ. ಮುಚ್ಚಿಯಾಯಿತು. ಈ ಕ್ಯಾಂಪ್ ನೋಡಿಕೊಂಡರೆ ವೀಸಾ ಉಂಟು, ಇಲ್ಲದಿದ್ದರೆ ಇಲ್ಲ ಅಂದ ಕಫೀಲ್."

"ದಾರ್ಸೈಟಿನ ಮನೆ?"

"ಬಿಟ್ಟಾಯಿತು. ಸಾಮಾನು ಆಮೇಲೆ ಬರುತ್ತದೆ."

"ಶಾಲೆ?"

"ಇಲ್ಲಿ ಹತ್ತಿರದಲ್ಲಿ ಅವಳು ಹೋಗುವಂಥ ಶಾಲೆ ಇಲ್ಲ. ಟಿಸಿ ತೆಗೆದೆ. ಮುಂದೆ ನೋಡುವಾ."

"ನಿಮ್ಮ ನೋಡುವಾಕ್ಕೆ ಬೆಂಕಿ ಬೀಳಲಿ! ನನ್ನ ಉಪ್ಪನೂ ಅಂದು ಇದನ್ನೇ ಹೇಳಿದ್ದು. ಮೊದಲೇ ಹೇಳಲು ನಾಲಿಗೆ ಬಿದ್ದುಹೋಗಿತ್ತಾ?"

"ಹೇಳಿದ್ದರೆ ನೀನು ಗಾಡಿ ಹತ್ತುತ್ತಿದ್ದೆಯಾ?"

ಹತ್ತುತ್ತಿರಲಿಲ್ಲ. ಊರಿಗೆ ಹೋಗುತ್ತೇನೆ ಅನ್ನೋಣವೆಂದರೆ ಅಲ್ಲಿ ನಮಗೆಂದು ಒಂದು ಕೋಣೆಯೂ ಇಲ್ಲ. ಆ ಸಂಕಟಕ್ಕೆ ಬಾಯಿಗೆ ಬಂದಂತೆ ಬೈದೆ, ಅತ್ತೆ, ಮತ್ತೆ ಬೈದೆ.

ರಸೀನಾ ಗಾಡಿಯಿಂದ ಇಳಿದು ಬಂದು ನನ್ನ ಸೆರಗು ಹಿಡಿದಳು. "ಉಮ್ಮಾ, ಉಪ್ಪನಿಗೆ ಬೈಬೇಡ. ಐ ನೋ."

"ಎಂತ ಗೊತ್ತು ನಿನಗೆ?"

"ಟಿಸಿ ತರ್ಲಿಕ್ಕೆ ನಾನೂ ಹೋಗಿದ್ದೆ. ಉಪ್ಪ ಆಫೀಸಲ್ಲಿ ಎಲ್ಲರ ಮುಂದೆ ಅತ್ರು. ಬೀಚ್ ಬರುವವರೆಗೆ ಉಮ್ಮ ಹ್ಯಾಪಿ ಇರ್ಲಿ ಅಂದ್ರು."

ಹಾಗಾದರೆ ದಾರಿಯಲ್ಲಿ ನಾನು ಗದರಿದಾಗೆಲ್ಲ ಅವಳು ಗಣಿತದ ಪುಸ್ತಕ ತೆರೆದು ಕೂತದ್ದು ಬರೀ ನನ್ನ ಸಮಾಧಾನಕ್ಕೆ! ಅವಳನ್ನು ಬಾಚಿ ತಬ್ಬಿಕೊಂಡೆ. ಇನ್ನು ಬೈಯಲು ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ.

"ಉಮ್ಮಾ, ಗೆಸ್ಟ್ ಬಂದು ಯಾವ ಕ್ಲಾಸ್ ಅಂತ ಕೇಳಿದ್ರೆ ಎಂತ ಹೇಳ್ಲಿ?"

"ಆರು ಅನ್ನು."

"ನೆಕ್ಸ್ಟ್ ಇಯರ್ ಬಂದು ಕೇಳಿದ್ರೆ?"

ಆಗಲೂ ಆರು ಅನ್ನು ಎಂದು ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡೆ.